ಮಗ್ಗದ ಮನೆಗೆ ಟೆರಿಯರ್ ಮರಿ ತರುವ ಮುನ್ನ

ತಂಗೀ, ಯಾರ್ಕ್‌ಶೈರ್ ಟೆರಿಯರ್ ಮರಿ ತರಬೇಕೆಂದು ನೀನು ಹಟ ಹಿಡಿದಿದ್ದೀಯಂತೆ, ವೈನಿ ಫೋನಿನಲ್ಲಿ ಹೇಳಿದರು. ಬೇಡ ಅನ್ನಲಿಕ್ಕೆ ಈ ಕಾಗದ ಬರೆಯುತ್ತಿಲ್ಲ. ನಾಯಿ ಓಡಾಡುವ ಮನೆಯ ಕಳೆಯೇ ಬೇರೆ. ಆದರೆ "ಮೂರು ಕೆಜಿ ನಾಯಿ, ತನ್ನ ಪಾಡಿಗೆ ಮೂಲೆಯಲ್ಲಿ ಬಿದ್ದಿರುತ್ತದೆ" ಎಂದು ವೈನಿಗೆ ಸಮಾಧಾನ ಹೇಳಿದೆಯಲ್ಲ, ಆ ಮಾತು ಮಾತ್ರ ನಿಜವಲ್ಲ.

ಆ ತಳಿ ಬೆಳೆದದ್ದೇ ನಮ್ಮಂಥ ನೇಕಾರರ ನಡುವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ನೇಕಾರರು ಕೂಲಿ ಹುಡುಕಿಕೊಂಡು ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಗಿರಣಿ ಊರುಗಳಿಗೆ ಬಂದಾಗ ತಮ್ಮ ಸಣ್ಣ ಟೆರಿಯರ್‌ಗಳನ್ನೂ ಜೊತೆಗೆ ತಂದರು. ಗಿರಣಿಯ ಇಲಿ ಹಿಡಿಯುವುದು ಅವುಗಳ ಕಸುಬು. ಈ ತಳಿಗೆ ಮೂಲಪುರುಷ ಅನ್ನಿಸಿಕೊಂಡ ಹಡರ್ಸ್‌ಫೀಲ್ಡ್ ಬೆನ್ ಎಂಬ ನಾಯಿ ಬದುಕಿದ್ದು 1865ರಿಂದ 1871ರವರೆಗೆ. ಅಷ್ಟರಲ್ಲೇ ಪ್ರದರ್ಶನಗಳಲ್ಲಿ ಬಹುಮಾನ ಪಡೆದಿತ್ತು, ಇಲಿ ಕೊಲ್ಲುವ ಪಂದ್ಯಗಳಲ್ಲೂ ಗೆದ್ದಿತ್ತು. ತಲೆಗೆ ರಿಬ್ಬನ್ ಕಟ್ಟಿಸಿಕೊಂಡು ಶ್ರೀಮಂತರ ತೊಡೆ ಏರಿದ್ದು ಆಮೇಲೆ. ಮೈ ಚಿಕ್ಕದಾಯಿತು, ಕೂದಲು ಉದ್ದವಾಯಿತು, ಗುಣ ಹಾಗೇ ಉಳಿಯಿತು. ಗೋಡೆಯ ಸಂದಿಯಲ್ಲಿ ಏನೋ ಸರಿದರೆ ಕೆರೆಯುತ್ತದೆ, ಓಣಿಯಲ್ಲಿ ಚಪ್ಪಲಿ ಸಪ್ಪಳವಾದರೆ ಬೊಗಳುತ್ತದೆ. ನಮ್ಮ ಮುಧೋಳ ನಾಯಿಯನ್ನೇ ನೋಡು. ಎತ್ತರದ ಆಳು, ಬಯಲಿನಲ್ಲಿ ಬೇಟೆಯನ್ನು ಕಣ್ಣಿಗಿಟ್ಟುಕೊಂಡು ಓಡಿ ಹಿಡಿಯಲು ಬೆಳೆಸಿದ್ದು. ಅದಕ್ಕೆ ಓಡಲು ಹೊಲ ಬೇಕು ನಿಜ, ಆದರೆ ಓಡಿ ಬಂದ ಮೇಲೆ ತಾಸುಗಟ್ಟಲೆ ಮಲಗುತ್ತದೆ. ಟೆರಿಯರ್ ಹಾಗಲ್ಲ. ಮೈಗಾತ್ರ ನೋಡಿ ನಾಯಿಯ ಚಟುವಟಿಕೆ ಅಳೆಯಬೇಡ.

ಈಗ ನಿನ್ನ ಮನೆಯ ಪಡಸಾಲೆ ನೆನಪಿಸಿಕೋ. ಕುಣಿಮಗ್ಗ, ಅದರ ಪಕ್ಕ ರಾಟಿ, ಕಂಡಿಕೆ ಸುತ್ತುವಾಗ ಕಡಿದು ಬಿದ್ದ ರೇಷ್ಮೆ ಎಳೆಗಳು, ಸೆರಗಿನ ಹಾಸನ್ನು ಸೀರೆಯ ಹಾಸಿಗೆ ಕೂಡಿಸಿ ತೋಪುತೆನಿ ಮಾಡುವಾಗ ಉಳಿಯುವ ತುಂಡು ನೂಲು. ಸಂಜೆ ಕಸ ಗುಡಿಸುವವರೆಗೂ ಅವು ನೆಲದ ಮೇಲೇ ಇರುತ್ತವೆ. ನನಗೆ ಭಯ ಇರುವುದು ಇದೊಂದೇ. ಮರಿ ಎಲ್ಲವನ್ನೂ ಬಾಯಿಗೆ ಹಾಕುತ್ತದೆ. ನುಂಗಿದ ನೂಲಿನ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರಕ್ಕೋ ಸಿಕ್ಕಿಕೊಂಡರೆ, ಉಳಿದದ್ದನ್ನು ಕರುಳು ಮುಂದಕ್ಕೆ ಎಳೆಯುತ್ತಲೇ ಇರುತ್ತದೆ. ಎಳೆದೆಳೆದು ಕರುಳೇ ಸೀರೆಯ ನಿರಿಗೆಯಂತೆ ಮುದುಡಿ ಒಂದಕ್ಕೊಂದು ಕೂಡುತ್ತದೆ; ಬಿಗಿದ ಎಳೆ ಅದನ್ನು ಕೊಯ್ಯುತ್ತದೆ. ರೇಷ್ಮೆ ಎಷ್ಟು ಗಟ್ಟಿ ಎಂಬುದನ್ನು ನಿನಗೆ ನಾನು ಹೇಳಬೇಕಿಲ್ಲ. ಮರಿ ಮೇಲಿಂದ ಮೇಲೆ ವಾಂತಿ ಮಾಡಿಕೊಂಡು ಊಟ ಬಿಟ್ಟರೆ ನಾಳೆ ನೋಡೋಣ ಅನ್ನಬೇಡ. ಬಾಯಲ್ಲೋ ಹಿಂಬದಿಯಲ್ಲೋ ಎಳೆ ಜೋತಾಡುವುದು ಕಂಡರೆ ಎಷ್ಟು ಮಾತ್ರಕ್ಕೂ ಕೈಹಾಕಿ ಎಳೆಯಬೇಡ, ಹಾಗೇ ಎತ್ತಿಕೊಂಡು ಡಾಕ್ಟರ ಬಳಿ ಓಡು. ಬಹಳ ಸಲ ಆಪರೇಷನ್ ಒಂದೇ ದಾರಿ.

ಆದ್ದರಿಂದ ಮೊದಲು ಮಗ್ಗದ ಜಾಗಕ್ಕೂ ಮನೆಗೂ ನಡುವೆ ಒಂದು ಗಟ್ಟಿ ಬಾಗಿಲು ಕೂಡಿಸು. ಆಳೆತ್ತರದ್ದೇ ಬೇಕಿಲ್ಲ, ಮರಿ ನುಸುಳದ, ಹಾರದ ಅಡ್ಡ ಹಲಗೆಯಾದರೂ ಸಾಕು. ಅದಾಗದಿದ್ದರೆ ಈ ಆಸೆ ಬಿಡು ತಂಗೀ. ಮಗ್ಗ ನಿಲ್ಲಿಸಲು ಆಗುವುದಿಲ್ಲ, ನಾಯಿಯ ಬಾಯಿ ಕಟ್ಟಲೂ ಆಗುವುದಿಲ್ಲ.

ನಿನ್ನ ಆಸೆ ನೋಡಿ ಹುನಗುಂದದ ಮಾವನ ಮಕ್ಕಳಿಗೂ ಜಾಕ್ ರಸೆಲ್ ಟೆರಿಯರ್ ಬೇಕಾಗಿದೆಯಂತೆ. ಹೊಲದ ಮನೆ, ಜಾಗಕ್ಕೇನೂ ಕಡಿಮೆ ಇಲ್ಲ, ಅದು ಮನಸಾರೆ ಓಡಾಡುತ್ತದೆ. ಆದರೆ ಇಂಗ್ಲೆಂಡಿನ ಡೆವನ್ ಸೀಮೆಯ ಪಾದ್ರಿ ಜಾನ್ ರಸೆಲ್ ಆ ನಾಯಿಯನ್ನು ಬೆಳೆಸಿದ್ದು ಬಿಲದೊಳಗೆ ಅಡಗಿದ ನರಿಯನ್ನು ಹೊರಗೆ ಓಡಿಸಲು. ಬಿಲ ಕಂಡರೆ ತಲೆ ತೂರಿಸುವುದು ಅದರ ರಕ್ತದಲ್ಲಿದೆ. ಎರೆ ಹೊಲದ ಬಿಲದಲ್ಲಿ ಇಲಿಯೇ ಇರಬೇಕೆಂದಿಲ್ಲ, ಇಲಿಯ ಬೆನ್ನು ಹತ್ತಿ ಹೋದ ನಾಗರಹಾವೂ ಇರಬಹುದು. ಜೋಳದ ಚೀಲಗಳ ನಡುವೆ ಇಲಿ ಪಾಷಾಣ ಇಡುವ ಮನೆ ಬೇರೆ. ಪಾಷಾಣ ತಿಂದ ಇಲಿಯನ್ನು ನಾಯಿ ತಿಂದರೂ ಅಪಾಯವೇ. ಬಾದಾಮಿಯ ನಿನ್ನ ಗೆಳತಿಯೂ ಟೆರಿಯರ್ ತರುವುದಾದರೆ ಅವಳಿಗೂ ಇದೇ ಮಾತು ಹೇಳು. ಮಾಳಿಗೆಗೆ ಮಂಗಗಳು ಇಳಿಯುವ ಊರದು. ಎದುರಿನವರು ದೊಡ್ಡವರೆಂದು ಟೆರಿಯರ್ ಹಿಂದೆ ಸರಿಯುವುದಿಲ್ಲ, ಕಡಿಸಿಕೊಳ್ಳುತ್ತದೆ.

ಇನ್ನು ಮನೆಯವರ ವಿಚಾರ. ಬೆಳಗಿನ ಬಸ್ಸಿಗೆ ಬಾಗಲಕೋಟೆಗೆ ಹೊರಟರೆ ನೀನು ತಿರುಗಿ ಬರುವುದು ಸಂಜೆ. ಹಗಲೆಲ್ಲ ಆ ಮರಿಯ ಹಿಂದೆ ಓಡಾಡುವವರು ವೈನಿ. ಚಿಕ್ಕ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಉಣಿಸಬೇಕು. ಇಷ್ಟು ಸಣ್ಣ ತಳಿಯ ಮರಿ ಹಸಿದಿದ್ದರೆ ರಕ್ತದ ಸಕ್ಕರೆ ಇಳಿದು ತತ್ತರಿಸಿ ಬೀಳುತ್ತದೆ. ಯಾರಿಗೆ ಬೇಕು ಎಂಬುದಕ್ಕಿಂತ ಮನೆಯಲ್ಲಿ ಇರುವವರು ಯಾರು ಎಂಬುದು ದೊಡ್ಡ ಪ್ರಶ್ನೆ. ಆ ನಾಯಿ ಹನ್ನೆರಡು ಹದಿನೈದು ವರ್ಷ ಬದುಕುತ್ತದೆ. ಓದು ಮುಗಿದ ಮೇಲೆ ನೀನು ಬೆಂಗಳೂರಿಗೆ ಹೋದರೆ, ನಾಳೆ ಮದುವೆಯಾದರೆ ಅದು ಯಾರದು? ಇದನ್ನು ಈಗಲೇ ವೈನಿಯ ಎದುರು ಕೂತು ಬಾಯಿಬಿಟ್ಟು ಮಾತಾಡು. ಅವರು "ಆಗಲಿ" ಅಂದದ್ದು ನಿನ್ನ ಮುಖ ನೋಡಿಯೋ, ನಿಜವಾಗಿಯೂ ಮನಸ್ಸಿದೆಯೋ ತಿಳಿದುಕೋ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳು. ಒಂದೇ ಗೋಡೆಯ ಮನೆಗಳು, ಆ ಬೊಗಳು ಅವರ ಕಿವಿಗೂ ಬೀಳುತ್ತದೆ.

ಇನ್ನು ಊಟದ ಮಾತು. ಮನೆಯಲ್ಲಿ ಅಜ್ಜಿಯ ಕೈಯಿಂದ ನಾಯಿ ಬಡವಾಗುವುದಿಲ್ಲ, ಅದು ನನಗೆ ಗೊತ್ತು. ಆದರೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪಲ್ಲೆ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಅಮೀನಗಡದ ಕರದಂಟು ಎಷ್ಟು ಪ್ರೀತಿಯಿಂದ ಕೊಟ್ಟರೂ ಅದಕ್ಕಲ್ಲ.

ಬೇಸಿಗೆಯಲ್ಲಿ ಇಳಕಲ್‌ನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಯಾರ್ಕ್‌ಶೈರ್ ಟೆರಿಯರ್‌ನ ಉದ್ದ ಕೂದಲನ್ನು ಗಿಡ್ಡಗೆ ಕತ್ತರಿಸಿಡು, ಬಾಚುವುದೂ ಸುಲಭ. ಹೊರಗೆ ಒಯ್ಯುವುದು ನಸುಕಿನಲ್ಲಿ, ಇಲ್ಲವೇ ಹೊತ್ತು ಮುಳುಗಿ ನೆಲ ಆರಿದ ಮೇಲೆ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ನೋಡು. ನಿನಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು. ಕೊರಳಿಗೆ ಹಗ್ಗ ಕಟ್ಟಿ ಜಗ್ಗಬೇಡ, ಈ ತಳಿಯ ಗಂಟಲನಾಳ ಸೂಕ್ಷ್ಮ. ಎದೆಗೆ ಕಟ್ಟುವ ಪಟ್ಟಿ ತೆಗೆದುಕೋ. ಓಣಿಯ ನಾಯಿಗಳ ಎದುರು ನೆಲದ ಮೇಲೆ ಬಿಡಬೇಡ.

ಹಣ ಕೊಡುವ ಮೊದಲು ದನದ ದವಾಖಾನೆಗೆ ಹೋಗಿ ಬಾ. ಅಲ್ಲಿ ಎಮ್ಮೆ, ಆಡುಗಳದ್ದೇ ಹೆಚ್ಚು ಕೆಲಸ. ಇಷ್ಟು ಸಣ್ಣ ನಾಯಿಗೆ ಅರಿವಳಿಕೆ ಕೊಟ್ಟು ಹೊಟ್ಟೆ ಕೊಯ್ಯುವ ಸೌಕರ್ಯ ಇದೆಯೇ, ಇಲ್ಲದಿದ್ದರೆ ರಾತ್ರಿ ಹೊತ್ತಿನಲ್ಲಿ ಎಲ್ಲಿಗೆ ಒಯ್ಯಬೇಕು ಎಂದು ಡಾಕ್ಟರನ್ನೇ ಕೇಳು. ಮರಿಗೆ ಪಾರ್ವೋ, ರೇಬೀಸ್ ಲಸಿಕೆ ಯಾವಾಗ ಎಂದೂ ಬರೆದುಕೋ.

ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮವೇ ಇದೆ. ತಾಯಿಯನ್ನು ತೋರಿಸದವರ ಬಳಿ, ಬಸ್‌ಸ್ಟ್ಯಾಂಡಿಗೆ ಬುಟ್ಟಿಯಲ್ಲಿ ತಂದುಕೊಡುತ್ತೇನೆ ಅನ್ನುವವರ ಬಳಿ ಕೊಳ್ಳಬೇಡ. ‘ಟೀಕಪ್’ ಎಂದು ಅಂಗೈಯಗಲದ ಮರಿ ತೋರಿಸಿ ಹೆಚ್ಚು ಬೆಲೆ ಹೇಳುತ್ತಾರೆ. ಅತಿ ಸಣ್ಣದಾದಷ್ಟೂ ರೋಗ ಜಾಸ್ತಿ. ವರ್ಷ ದಾಟಿದ, ಶಾಂತ ಸ್ವಭಾವದ ನಾಯಿಯನ್ನು ಯಾರಾದರೂ ಕೊಡುವಂತಿದ್ದರೆ ನಿಮ್ಮ ಮನೆಗೆ ಮರಿಗಿಂತ ಅದೇ ಒಳ್ಳೆಯದು. ಸಿಕ್ಕದ್ದನ್ನೆಲ್ಲ ಅಗಿಯುವ ವಯಸ್ಸು ಅದಕ್ಕೆ ಮುಗಿದಿರುತ್ತದೆ.

ಪಡಸಾಲೆಗೆ ಬಾಗಿಲು ಕೂತ ಮೇಲೆ, ವೈನಿ ಮನಸಾರೆ ಒಪ್ಪಿದ ಮೇಲೆ ನನಗೊಂದು ಫೋನ್ ಮಾಡು. ನಾಯಿ ನೋಡಲು ನಾನೂ ಬರುತ್ತೇನೆ.