ಕಾಡಿಗೆಯ ಕಪ್ಪು

ದಸರಾ ರಜೆಗೆ ಊರಿಗೆ ಹೊರಟಾಗ ಎಸ್‌.ಪಿ. ರಸ್ತೆಗೆ ಹೋಗಿ ಗೆರೆ ಹಿಡಿದು ಓಡುವ ರೋಬೋ ಗಾಡಿಯ ಕಿಟ್ ಕೊಂಡೆ. ಎಂಟನೇ ಕ್ಲಾಸಿನ ಅಕ್ಕನ ಮಗಳಿಗೆ ಅನ್ನುವುದು ನೆಪ. ಡಬ್ಬದಲ್ಲಿ ಒಂದು ಆರ್ಡುಯಿನೊ ಬೋರ್ಡು, ಎರಡು ಹಳದಿ ಗೇರ್ ಮೋಟರು, ಅವನ್ನು ನಡೆಸುವ ಎಲ್298ಎನ್ ಬೋರ್ಡು, ನೆಲ ನೋಡುತ್ತ ಕೂರುವ ಎರಡು ಐಆರ್ ಸೆನ್ಸರು. ಹದಿಮೂರು ವರ್ಷ ಸಾಫ್ಟ್‌ವೇರ್ ಬರೆದವನಿಗೆ ಇದೇನು ಮಹಾ, ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ.

ಲೆಕ್ಕವೇನೋ ಸರಳ. ಸೆನ್ಸರು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಬಿಳಿ ಅದನ್ನು ವಾಪಸ್ ಕಳಿಸುತ್ತದೆ, ಕಪ್ಪು ನುಂಗುತ್ತದೆ. ಎಡದ ಸೆನ್ಸರಿಗೆ ಕಪ್ಪು ಸಿಕ್ಕರೆ ಎಡಚಕ್ರ ನಿಲ್ಲಿಸು, ಬಲದ್ದಕ್ಕೆ ಸಿಕ್ಕರೆ ಬಲಚಕ್ರ. ಹುಡುಗಿ ಚಾರ್ಟ್ ಪೇಪರಿನ ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ದಾರಿ ಎಳೆದಳು. ಗಾಡಿ ತಿರುವನ್ನು ಲೆಕ್ಕಿಸದೆ ನೆಟ್ಟಗೆ ಹೋಗಿ ದೇವರ ಮನೆ ಹೊಸ್ತಿಲಿಗೆ ಗುದ್ದಿತು. ಕೋಡು ತಿದ್ದಿದೆ. ಮತ್ತೆ ಹೊಸ್ತಿಲು. ಹೀಗೇ ಎರಡು ದಿನ.

ಮೂರನೇ ಸಂಜೆ ಗುಟ್ಟು ಹಿಡಿದವಳು ಅವಳೇ. ಬೆಳಕು ವಾಪಸ್ ಬಂದಾಗ ಹತ್ತುವ ಪುಟ್ಟ ದೀಪವೊಂದು ಸೆನ್ಸರಿನ ಬೆನ್ನ ಮೇಲಿರುತ್ತದೆ. ಗಾಡಿಯನ್ನು ಕೈಯಲ್ಲಿ ಹಿಡಿದು ಗೆರೆಯ ಮೇಲೆ ಆಡಿಸಿ, “ಮಾಮ, ಇದಕ್ಕೆ ಗೆರೆ ಕಾಣ್ತಾನೇ ಇಲ್ಲ” ಅಂದಳು. ನಿಜ, ದೀಪ ಆರಲೇ ಇಲ್ಲ. ಸ್ಕೆಚ್ ಪೆನ್ನಿನ ಬಣ್ಣ ನಮಗೆ ಕಪ್ಪು. ಇನ್‌ಫ್ರಾರೆಡ್ ಮಾತ್ರ ಅದನ್ನು ಹಾದುಹೋಗಿ ಕೆಳಗಿನ ಬಿಳಿ ಕಾಗದ ಮುಟ್ಟಿ ಬರುತ್ತದೆ. ನಾನು ಕೋಡಿನಲ್ಲಿ ಹೇನು ಹೆಕ್ಕುತ್ತಿದ್ದೆ!

ಆಮೇಲೆ ಸಿಕ್ಕಸಿಕ್ಕ ಕಪ್ಪಿನ ಮೇಲೆಲ್ಲ ಗಾಡಿ ಹಿಡಿದೆವು. ಅಕ್ಕನ ಪಾಲಿಯೆಸ್ಟರ್ ದುಪಟ್ಟಾ ಅದರ ಪಾಲಿಗೆ ಬಿಳಿ. ಪೆನ್ಸಿಲ್ ಗೀಚು ಅರೆಬರೆ. ಪೇಪರಿನ ದಪ್ಪ ತಲೆಬರಹ ಕಪ್ಪು. ಜಗಲಿಯಲ್ಲಿ ಕೂತು ನೋಡುತ್ತಿದ್ದ ಅಜ್ಜಿ ಒಳಹೋಗಿ ಕಾಡಿಗೆ ಡಬ್ಬಿ ತಂದರು. “ಕಪ್ಪು ಅಂದ್ರೆ ಇದು ಕಣೋ, ಹಚ್ಚಿ ನೋಡು.” ಬೆರಳಲ್ಲಿ ಒಂದು ಗೆರೆ ಎಳೆದೆವು. ದೀಪ ಟಕ್ಕನೆ ಆರಿತು. ಹರಳೆಣ್ಣೆ ದೀಪದ ಮಸಿಯೆಂದರೆ ಇಂಗಾಲ. ಕಾಣುವ ಬೆಳಕನ್ನೂ ಕಾಣದ ಬೆಳಕನ್ನೂ ಒಟ್ಟಿಗೆ ನುಂಗುತ್ತದೆ.

ಕಾಡಿಗೆಯಲ್ಲಿ ದಾರಿ ಬಳಿಯಲು ಅಕ್ಕ ಬಿಡಲಿಲ್ಲ. ಇನ್ಸುಲೇಷನ್ ಟೇಪ್ ತಂದು ಅಂಟಿಸಿದೆವು, ಗಾಡಿ ಗೆರೆ ಹಿಡಿಯಿತು. 9 ವೋಲ್ಟಿನ ಚೌಕದ ಬ್ಯಾಟರಿ ಬೇಗನೆ ಸುಸ್ತಾಯಿತು. ಮೋಟರಿಗೆ ಬೇಕಾದಷ್ಟು ಕರೆಂಟು ಕೊಡುವ ತ್ರಾಣ ಅದಕ್ಕಿಲ್ಲ, ಸಾಲದ್ದಕ್ಕೆ ಎಲ್298ಎನ್ ತಾನೇ ಸುಮಾರು 2 ವೋಲ್ಟ್ ತಿಂದುಬಿಡುತ್ತದೆ. ಎರಡು 18650 ಸೆಲ್ ಹಾಕಿದ ಮೇಲೆ ಆ ರಗಳೆ ಮುಗಿಯಿತು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಗಾಡಿ ಮತ್ತೆ ಹೊಸ್ತಿಲಿಗೆ! ಪೂರ್ವದ ಕಿಟಕಿಯಿಂದ ಎಳೆಬಿಸಿಲು ಚಾರ್ಟಿನ ಮೇಲೆ ಬಿದ್ದಿತ್ತು; ಬಿಸಿಲಲ್ಲೂ ಇನ್‌ಫ್ರಾರೆಡ್ ಧಾರಾಳವಾಗಿ ಇದೆ. ಈ ಸಲ ಲ್ಯಾಪ್‌ಟಾಪ್ ತೆರೆಯಲಿಲ್ಲ. ಮೈಸೂರ್‌ಪಾಕಿನ ಡಬ್ಬದ ರಟ್ಟು ಕತ್ತರಿಸಿ ಸೆನ್ಸರುಗಳ ಸುತ್ತ ಲಂಗ ಉಡಿಸಿದೆವು.

ಕೊನೆಗೆ ಓಡಿದ್ದು ಮೊದಲ ದಿನ ಬರೆದ ಕೋಡೇ. ಬದಲಾದದ್ದು ಒಂದೇ ಅಂಕಿ: ವೇಗ 255 ಇದ್ದದ್ದು 110 ಆಯಿತು, ಇಲ್ಲದಿದ್ದರೆ ತಿರುವಿನಲ್ಲಿ ಗೆರೆ ಹಾರಿಬಿಡುತ್ತಿತ್ತು.

ಹುಡುಗಿಗೆ ಈಗ ಗಾಡಿ ಓಡಿಸುವುದರಲ್ಲಿ ಅಂಥ ಆಸಕ್ತಿಯಿಲ್ಲ. ಅದನ್ನು ತಲೆಕೆಳಗು ಹಿಡಿದು ಮನೆಯ ಕಪ್ಪನ್ನೆಲ್ಲ ಪರೀಕ್ಷಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಸೌದೆ ಒಲೆಯ ಬಾಣಲೆ ತಳ: ಕಪ್ಪು. ಮಾಮನ ಟೀ ಶರ್ಟು: ಬಿಳಿ. ಬೆಕ್ಕು ಇನ್ನೂ ಕೈಗೆ ಸಿಕ್ಕಿಲ್ಲ.