ಹಟ್ಟಿಗೆ ನರಿ, ತೋಳ ಬಂದಾಗ: ಬಂದೂಕು ಇರುವವರಿಗೆ ಎಚ್ಚರಿಕೆ

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಗದಗ ಭಾಗದ ಕುರಿಗಾರರ ಮತ್ತು ಬೆಳೆ ರಕ್ಷಣೆಗೆ ಬಂದೂಕಿನ ಲೈಸೆನ್ಸ್ ಪಡೆದ ರೈತರ ಗಮನಕ್ಕೆ.

ನರಿಗೆ ಯಾವ ನಂಬರಿನ ಚರೆ? ಯಾವುದೂ ಅಲ್ಲ. ಅಮೆರಿಕದಲ್ಲಿ ಕೊಯೋಟಿ ಎಂಬ ತೋಳದ ಬಳಗದ ಪ್ರಾಣಿಗೆ ಚರೆ ಆಯ್ದು ಹೊಡೆಯುತ್ತಾರೆ; ಅದು ಅಲ್ಲಿನ ಕಾನೂನು. ನಮ್ಮಲ್ಲಿ ತೋಳವೂ ನರಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಕೊಂದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಕೊಲ್ಲಲು ಯತ್ನಿಸಿದರೂ ಅದು ಬೇಟೆಯೇ. ಮನುಷ್ಯರ ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾಡಿದ ಆತ್ಮರಕ್ಷಣೆ ಅಪರಾಧವಲ್ಲ. ಕುರಿಗಾಗಿ ಹೊಡೆದರೆ ಆ ವಿನಾಯಿತಿ ಸಿಗದು.

ಮಾಡಬೇಕಾದ್ದು

ಕತ್ತಲಾಗುವ ಮೊದಲೇ ಕುರಿಗಳನ್ನು ಬಲೆಯೊಳಗೆ ಕೂಡಿಹಾಕಿ.

ಎಳೆ ಮರಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿಡಿ.

ರಾತ್ರಿ ಪಾಳಿ ಹಾಕಿಕೊಂಡು ಒಬ್ಬರು ಎಚ್ಚರವಿರಿ.

ಪ್ರಾಣಿ ಕಂಡರೆ ತಗಡು ಬಡಿಯಿರಿ.

ಬ್ಯಾಟರಿ ಬೆಳಕನ್ನು ನೇರ ಅದರ ಮುಖಕ್ಕೆ ಹಾಯಿಸಿ.

ಕುರಿ ಸತ್ತರೆ ಬಿದ್ದಲ್ಲೇ ಬಿಟ್ಟು ಫೋಟೊ ತೆಗೆಯಿರಿ.

ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಪಶುವೈದ್ಯರ ವರದಿ ಜೊತೆಗಿಟ್ಟು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ತಪಾಸಣೆ ಮುಗಿದ ಮೇಲೆ ಆಳವಾಗಿ ಹೂಳಿ; ಬಯಲಲ್ಲಿ ಬಿಟ್ಟ ಹೆಣ ಮರುದಿನವೂ ತೋಳವನ್ನು ಕರೆಯುತ್ತದೆ.

ಹಟ್ಟಿಯ ನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿಸಿ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅದರ 10 ಕಿಲೋಮೀಟರ್ ಒಳಗೆ ವಾಸವಿದ್ದು ಬಂದೂಕಿನ ಲೈಸೆನ್ಸ್ ಇದ್ದರೆ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಿ.

ನರಿ, ತೋಳ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ.

ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಹೇಳಿದಷ್ಟೂ ಇಂಜೆಕ್ಷನ್ ಮುಗಿಸಿ.

ಮಾಡಬಾರದ್ದು

ಹೆದರಿಸಲೆಂದು ಸಣ್ಣ ಚರೆ ಹಾರಿಸುವುದು ಬೇಡ. ಸಣ್ಣ ಚರೆ ಕೊಲ್ಲದೆ ಗಾಯ ಮಾಡುತ್ತದೆ. ಗಾಯಗೊಂಡ ಪ್ರಾಣಿ ಜೋಳದ ಹೊಲದಲ್ಲಿ ಅವಿತರೆ ಬೆಳಿಗ್ಗೆ ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳ ಮೇಲೆ ಎರಗಬಹುದು.

ಎಸ್‌ಜಿ, ಎಲ್‌ಜಿ ತೋಟಾ ತುಂಬುವುದಂತೂ ಬೇಡವೇ ಬೇಡ. ಆ ದೊಡ್ಡ ಗುಂಡುಗಳು ನೂರು ಗಜದ ಆಚೆಗೂ ಮನುಷ್ಯನನ್ನು ಕೊಲ್ಲಬಲ್ಲವು. ನಮ್ಮ ಯರಿ ಹೊಲದಲ್ಲಿ ಅವನ್ನು ತಡೆಯಲು ಮರವೂ ಇಲ್ಲ, ದಿನ್ನೆಯೂ ಇಲ್ಲ. ಆಚೆ ಇನ್ನೊಬ್ಬ ಕುರಿಗಾರನ ಮಕ್ಕಳು ಮಲಗಿರುತ್ತಾರೆ.

ಕತ್ತಲಲ್ಲಿ ಕಣ್ಣಿನ ಹೊಳಪಿಗೆ ಗುರಿ ಇಡಬಾರದು. ನಿಮ್ಮ ನಾಯಿಯ ಕಣ್ಣೂ ಹಾಗೇ ಹೊಳೆಯುತ್ತದೆ.

ಲೈಸೆನ್ಸ್ ಇಲ್ಲದ ನಾಡಬಂದೂಕು ಮುಟ್ಟುವುದು ಬೇಡ.

ಅನುಮತಿ ಇಲ್ಲದೆ ಕಪ್ಪತಗುಡ್ಡದೊಳಗೆ ಬಂದೂಕು ಒಯ್ಯಬಾರದು.

ಮಾಗಡಿ ಕೆರೆಯ ದಂಡೆಯಲ್ಲಿ ಗುಂಡು ಹಾರಿಸಬಾರದು. ಸೀಸದ ಚರೆ ಕೆಸರಲ್ಲಿ ಉಳಿಯುತ್ತದೆ, ಅದನ್ನು ನುಂಗಿದ ಬಾತು ಸಾಯುತ್ತದೆ.

ಸತ್ತ ಕುರಿಗೆ ವಿಷ ಸವರಿ ಇಡಬಾರದು. ಮೊದಲು ಸಾಯುವುದು ನಿಮ್ಮದೇ ನಾಯಿ.

ಉರುಳು ಬೇಡ.

ಸಿಡಿಮದ್ದು ಬೇಡ.

ಮರಿಗಳಿರುವ ಗವಿಗೆ ಹೊಗೆ ಹಾಕಬಾರದು.

ನರಿ ಕೊಂಬು ಕೊಳ್ಳುವುದು ಬೇಡ. ನರಿಗೆ ಕೊಂಬು ಇರುವುದಿಲ್ಲ. ಅದರ ಹೆಸರಲ್ಲಿ ನರಿ ಸಾಯುತ್ತದೆ.

ಕಚ್ಚಿದ ಗಾಯಕ್ಕೆ ಸುಣ್ಣ, ಅರಿಶಿನ, ಖಾರದಪುಡಿ ಹಚ್ಚುವುದು ಬೇಡ.

ನಾಳೆ ನೋಡೋಣ ಎಂದು ಮಲಗಬಾರದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧ ಇಲ್ಲ.