ಅಪ್ಪ ಬರೆದಿಡುತ್ತೇನೆ ಅನ್ನುತ್ತಾರೆ, ಅಮ್ಮ ಬೇಡ ಅನ್ನುತ್ತಾರೆ

ಪ್ರಶ್ನೆ: ತಂದೆಗೆ 76 ವರ್ಷ. ಸಿಒಪಿಡಿ ಇದೆ. ಉಬ್ಬಸ ಜಾಸ್ತಿಯಾಗಿ ಎರಡು ಸಲ ಐಸಿಯುಗೆ ಸೇರಿಸಿದ್ದೆವು. ‘ಇನ್ನೊಮ್ಮೆ ವೆಂಟಿಲೇಟರ್ ಹಾಕಿಸಬೇಡಿ, ಬರೆದುಕೊಡುತ್ತೇನೆ’ ಅನ್ನುತ್ತಿದ್ದಾರೆ. ಅಮ್ಮ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಇಂಥ ಬರಹಕ್ಕೆ ಕಾನೂನಿನ ಬೆಲೆ ಇದೆಯೇ? ಬರೆದುಕೊಟ್ಟರೆ ಆಸ್ಪತ್ರೆಯವರು ಚಿಕಿತ್ಸೆಯನ್ನೇ ನಿಲ್ಲಿಸಿಬಿಟ್ಟರೆ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬೆಲೆ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒಪ್ಪಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಈಗ ನ್ಯಾಯಾಧೀಶರ ಸಹಿಗೆ ಅಲೆಯಬೇಕಿಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ.

ಚಿಕಿತ್ಸೆ ನಿಲ್ಲಿಸಿಬಿಟ್ಟಾರು ಎಂಬ ಭಯ ಬೇಡ. ತಂದೆಯವರಿಗೆ ಪ್ರಜ್ಞೆ, ಬುದ್ಧಿ ಸರಿಯಿರುವವರೆಗೆ ಅವರ ಬಾಯಿಮಾತೇ ಅಂತಿಮ. ಈ ಕಾಗದ ಹೊರಬರುವುದು ಅವರು ಮಾತಾಡಲಾಗದ ಸ್ಥಿತಿ ತಲುಪಿ, ಚೇತರಿಕೆಯ ಆಸೆಯೂ ಇಲ್ಲದಾಗ ಮಾತ್ರ. ಆಗಲೂ ಒಬ್ಬ ವೈದ್ಯರ ಮಾತು ನಡೆಯುವುದಿಲ್ಲ. ಆಸ್ಪತ್ರೆಯ ಒಂದು ಮಂಡಳಿ ನೋಡಬೇಕು, ಎರಡನೆಯ ಮಂಡಳಿ ಒಪ್ಪಬೇಕು, ಅವರು ಹೆಸರಿಸಿದ ಮನೆಯವರೂ ಒಪ್ಪಬೇಕು. ನೋವು, ಏದುಸಿರು ಕಡಿಮೆ ಮಾಡುವ ಉಪಶಾಮಕ ಆರೈಕೆ ಕೊನೆಯವರೆಗೂ ನಡೆಯುತ್ತದೆ.

ನನಗೆ ಕಳವಳವಾಗಿದ್ದು ‘ಇನ್ನೊಮ್ಮೆ ವೆಂಟಿಲೇಟರ್ ಬೇಡವೇ ಬೇಡ’ ಎಂಬ ಅವರ ಮಾತು. ಸಿಒಪಿಡಿಯಲ್ಲಿ ಸೋಂಕಿನಿಂದ ದಿಢೀರನೆ ಏರುವ ಉಬ್ಬಸ ಎಷ್ಟೋ ಸಲ ಕೆಲವು ದಿನಗಳ ಉಸಿರಾಟದ ನೆರವಿನಿಂದ ಇಳಿಯುತ್ತದೆ. ನಿಮ್ಮ ತಂದೆಯೇ ಎರಡು ಸಲ ಮನೆಗೆ ಬಂದಿದ್ದಾರಲ್ಲ! ಗಂಟಲಿಗೆ ಕೊಳವೆ ಹಾಕದೆ ಮುಖಕ್ಕೆ ಮಾಸ್ಕ್ ಕಟ್ಟಿ ಕೊಡುವ ಬೈಪ್ಯಾಪ್ ಕೂಡ ಇದೆ. ಅವರು ಹೆದರಿರುವುದು ಕೊಳವೆಗೋ, ಕೈ ಕಟ್ಟಿ ಮಲಗಿಸಿದ್ದಕ್ಕೋ, ಯಾರ ಮುಖವೂ ಕಾಣದ ಐಸಿಯುಗೋ, ಮಕ್ಕಳ ಮೇಲೆ ಬೀಳುವ ಖರ್ಚಿಗೋ? ಪಕ್ಕದಲ್ಲಿ ಕೂತು ಕೇಳಿ. ಆಮೇಲೆ ಅವರ ಶ್ವಾಸಕೋಶ ತಜ್ಞರ ಎದುರು ‘ಮಾಸ್ಕ್ ಸರಿ, ನಾಲ್ಕಾರು ದಿನ ಕೊಳವೆ ಹಾಕಿ ನೋಡಿ, ಸುಧಾರಿಸುವ ಲಕ್ಷಣವಿಲ್ಲದಿದ್ದರೆ ಮುಂದುವರಿಸಬೇಡಿ’ ಎನ್ನುವಷ್ಟು ಸ್ಪಷ್ಟವಾಗಿ ಬರೆಸಿ. ಮನಸ್ಸು ಬದಲಾದರೆ ತಿದ್ದಬಹುದು, ರದ್ದೂ ಮಾಡಬಹುದು.

ಈ ಮಾತುಕತೆಯಲ್ಲಿ ತಾಯಿಯವರೂ ಇರಲಿ. ‘ಮುಂದೇನು ಮಾಡೋಣ?’ ಎಂದು ವೈದ್ಯರು ಕೇಳುವುದು ಅವರನ್ನೇ. ಗಂಡನ ಮನಸ್ಸಿನಲ್ಲಿ ಏನಿತ್ತೆಂದು ಗೊತ್ತಿಲ್ಲದೆ ಹೇಳಿದ ಉತ್ತರ, ಅದು ಯಾವುದೇ ಆಗಿರಲಿ, ವರ್ಷಗಟ್ಟಲೆ ಕೊರೆಯುತ್ತದೆ. ಅಂಥ ಮನೆಮಂದಿಯನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಅತ್ತೆಯವರಿಗೆ 70 ವರ್ಷ, ಸಕ್ಕರೆ ಕಾಯಿಲೆ ಇದೆ, ಪೇಸ್‌ಮೇಕರ್ ಹಾಕಿದ್ದಾರೆ. ಕಣ್ಣು ದಾನ ಮಾಡುವ ಆಸೆ. ಏನೇನು ಬರೆದಿಡಬೇಕು?
– ಓದುಗರು, ಹಾಸನ

ಉತ್ತರ: ಸಕ್ಕರೆ ಕಾಯಿಲೆ ಅಡ್ಡಿಯಲ್ಲ, ಪೊರೆ ಶಸ್ತ್ರಚಿಕಿತ್ಸೆ ಆಗಿದ್ದರೂ ಅಡ್ಡಿಯಿಲ್ಲ. ಒಂದು ಹಾಳೆಯಲ್ಲಿ ಕಾಯಿಲೆಗಳು, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಯಾವ ಔಷಧಿ ಒಗ್ಗುವುದಿಲ್ಲ, ವೈದ್ಯರ ನಂಬರು, ಆರೋಗ್ಯ ವಿಮೆಯ ವಿವರ ಬರೆದು, ಪೇಸ್‌ಮೇಕರ್ ಕಾರ್ಡಿನ ಜೆರಾಕ್ಸ್ ಲಗತ್ತಿಸಿ. ಬ್ಯಾಂಕ್ ಖಾತೆಗಳ ಪಟ್ಟಿ, ನಾಮಿನಿ ವಿವರ ಬೇರೆ ಹಾಳೆಯಲ್ಲಿರಲಿ. ಇದನ್ನೆಲ್ಲ ಲಾಕರಿನಲ್ಲಿ ಇಡಬೇಡಿ. ನಡುರಾತ್ರಿ ಆಸ್ಪತ್ರೆಗೆ ಓಡುವಾಗ ಬ್ಯಾಂಕು ತೆರೆದಿರುವುದಿಲ್ಲ.

ನೇತ್ರದಾನದ ಪ್ರತಿಜ್ಞಾಪತ್ರ ತುಂಬಿದ್ದರೂ ಆ ಹೊತ್ತಿಗೆ ಫೋನ್ ಮಾಡಿ ಒಪ್ಪಿಗೆ ಕೊಡುವವರು ಮನೆಯವರೇ. ಹಾಗಾಗಿ ಮಕ್ಕಳು, ಸೊಸೆಯಂದಿರು ಎಲ್ಲರಿಗೂ ಅವರ ಆಸೆ ತಿಳಿದಿರಲಿ, ನೇತ್ರ ಬ್ಯಾಂಕಿನ ನಂಬರು ಹಾಳೆಯಲ್ಲೇ ಇರಲಿ. ಜೀವ ಹೋದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಯಡಿ ದಿಂಬು ಕೊಟ್ಟು ಎತ್ತರಿಸಿ.

ದಹನ ಮಾಡುವ ಪದ್ಧತಿಯಾದರೆ ಅದಕ್ಕೆ ಮುನ್ನ ಪೇಸ್‌ಮೇಕರ್ ತೆಗೆಸಲೇಬೇಕು. ಬೆಂಕಿಯ ಕಾವಿಗೆ ಅದು ಸಿಡಿಯುತ್ತದೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅಲ್ಲೇ ಕೇಳಿ. ಮನೆಯಲ್ಲಾದರೆ ಮರಣ ದೃಢೀಕರಿಸಲು ಬರುವ ವೈದ್ಯರಿಗೆ ಮೊದಲು ಇದನ್ನು ತಿಳಿಸಿ.